ಕಾಲಿನ ಉಗುರೂ ಬೇಕಂತೆ

ಇವತ್ತು ಊಟದ ಹೊತ್ತಲ್ಲಿ ಇಲ್ಲಿನ ಆಫೀಸಿನ ಹಿರಿಯ ಗೆಳತಿಯೊಬ್ಬರು ಏನೋ ಫಾರ್ಮ್ ತುಂಬುತ್ತಾ ಕೂತಿದ್ದರು. ಸ್ತನ ಕ್ಯಾನ್ಸರ್ ಯಾಕೆ ಬರುತ್ತೆ ಅಂತ ಹುಡುಕುವ ‘ಸಿಸ್ಟರ್ ಸ್ಟಡಿ’ ಅನ್ನೋ ಸಂಶೋಧನೆಯದಂತೆ. ಅವರ ಅಕ್ಕ ಸ್ತನ ಕ್ಯಾನ್ಸರಿನಿಂದ ತೀರಿಕೊಂಡಿದ್ದು ಗೊತ್ತಿತ್ತು, ಇದು ಗೊತ್ತಿರಲಿಲ್ಲ.

ಅಮೆರಿಕದಲ್ಲಿ 2003ರಿಂದ 2009ರೊಳಗೆ 50,000ಕ್ಕೂ ಜಾಸ್ತಿ ಹೆಂಗಸರು ಈ ಸಂಶೋಧನೆಗೆ ಸೇರಿದರು. ಅಕ್ಕನಿಗೋ ತಂಗಿಗೋ ಸ್ತನ ಕ್ಯಾನ್ಸರ್ ಬಂದಿರಬೇಕು, ತಮಗೆ ಬಂದಿರಬಾರದು. ರಕ್ತ, ಮೂತ್ರ ಕೊಡೋದು ಸರಿ, ಕಾಲಿನ ಉಗುರೂ ಕತ್ತರಿಸಿ ಕೊಟ್ಟಿದ್ದಾರೆ, ಮನೆಯ ಧೂಳನ್ನೂ! ಉಗುರು ನಿಧಾನಕ್ಕೆ ಬೆಳೆಯುತ್ತಲ್ಲ, ಹಾಗಾಗಿ ತಿಂಗಳುಗಳ ಹಿಂದೆ ಮೈಗೆ ಸೇರಿದ ಆರ್ಸೆನಿಕ್, ಕ್ಯಾಡ್ಮಿಯಂ ಥರದ್ದು ಅದರಲ್ಲಿ ಉಳಿದಿರುತ್ತೆ. ಧೂಳಲ್ಲಿ ಮನೆಯೊಳಗಿನ ರಾಸಾಯನಿಕ. ನಾವು ದಿನಾ ಗುಡಿಸಿ ಎಸೆಯೋದು ಅಲ್ವಾ ಇದೆಲ್ಲ.

ಪರ್ಮನೆಂಟ್ ಹೇರ್ ಡೈ ಬಳಸುವವರಲ್ಲಿ, ಅದರಲ್ಲೂ ಕಪ್ಪು ಜನಾಂಗದ ಹೆಂಗಸರಲ್ಲಿ, ಸ್ತನ ಕ್ಯಾನ್ಸರ್ ಜಾಸ್ತಿ ಕಂಡಿದೆ ಅಂತ 2019ರಲ್ಲಿ ಸುದ್ದಿಯಾಗಿದ್ದು ಇವರೆಲ್ಲ ಕೊಟ್ಟ ಮಾಹಿತಿಯಿಂದಲೇ. (ಡೈಯೇ ಕಾರಣ ಅಂತ ಇನ್ನೂ ಸಾಬೀತಾಗಿಲ್ಲ, ಗಾಬರಿ ಬೇಡ.)

ಇಷ್ಟು ವರ್ಷ ಫಾರ್ಮ್ ತುಂಬಿ ಬೇಜಾರಾಗಲ್ವಾ ಅಂತ ಗೆಳತಿಯನ್ನ ಕೇಳಿದೆ. “ಅಕ್ಕನ ಬಗ್ಗೆ ಈಗ ಯಾರೂ ಕೇಳೋದೇ ಇಲ್ಲ, ಇವರೊಬ್ಬರು ಕೇಳ್ತಾರೆ” ಅಂದರು. ನಾನು ತಿಥಿಯ ಬಗ್ಗೆ ಹೇಳೋಣ ಅಂದುಕೊಂಡೆ, ಅಷ್ಟರಲ್ಲಿ ಮೀಟಿಂಗಿಗೆ ಕರೆ ಬಂತು.