ಬಡಿಯುವ ಫಾಯಿಲಿನ ದಕ್ಷತೆ ಶೇ. 87 ದಾಟಿದರೆ ಮೊದಲು ಸಿಗ್ನಲ್ ಫಿಲ್ಟರ್ ನೋಡಿ

ಹುಬ್ಬಳ್ಳಿ, ಬೆಳಗಾವಿ ಕಡೆಯಿಂದ ಪುಣೆಗೆ ಬಂದು ವಾಟರ್ ಟನಲ್ (ನೀರು ಹರಿಸಿ ಪ್ರಯೋಗ ಮಾಡುವ ಕೊಳವೆ) ಕೆಲಸಕ್ಕೆ ಸೇರುವ ಹೊಸಬರಿಗಾಗಿ ಇದು. ಮೀನಿನ ಬಾಲದ ಹಾಗೆ ಬಡಿಯುವ ಫಾಯಿಲಿನಲ್ಲಿ (ರೆಕ್ಕೆಯಾಕಾರದ ತಟ್ಟೆಯಲ್ಲಿ) ಆಂಡರ್ಸನ್ ಮತ್ತು ಸಂಗಡಿಗರು 1998ರಲ್ಲಿ ವರದಿ ಮಾಡಿದ ಗರಿಷ್ಠ ದಕ್ಷತೆ, ಅಂದರೆ ಫಾಯಿಲ್ ಅಲ್ಲಾಡಿಸಲು ಕೊಟ್ಟ ಪವರಿನಲ್ಲಿ ಮುಂದೆ ನೂಕಲು ಒದಗುವ ಪಾಲು, ಶೇ. 87. ನಿಮ್ಮ ರಿಗ್ (ಪ್ರಯೋಗದ ಸಜ್ಜು) ಅದಕ್ಕೂ ಹೆಚ್ಚು ತೋರಿಸಿದರೆ ಸಂಭ್ರಮಪಡುವ ಮೊದಲು ಬಲದ ಸಿಗ್ನಲ್ಲೂ ವೇಗದ ಸಿಗ್ನಲ್ಲೂ ಒಂದೇ ಕ್ಷಣದವೇ ಎಂದು ಪರೀಕ್ಷಿಸಿ.

ಮುಂದಿನ ಅಂಚಿನಿಂದ ಹಿಂದಿನ ಅಂಚಿಗೆ 10 ಸೆಂ.ಮೀ. ಇರುವ ನಾಕಾ 0012 (ಎರಡೂ ಬದಿ ಒಂದೇ ರೀತಿ ಇರುವ ಒಂದು ಪ್ರಮಾಣಿತ ಆಕಾರ) ಫಾಯಿಲ್ ತೆಗೆದುಕೊಳ್ಳಿ. ನೀರಿನ ವೇಗ ಸೆಕೆಂಡಿಗೆ 0.4 ಮೀ., ಹೀವ್‌ನ (ಹರಿವಿಗೆ ಅಡ್ಡಲಾಗಿ ಆಚೀಚೆ ಸರಿಯುವ ಚಲನೆಯ) ಒಟ್ಟು ಓಡಾಟ 20 ಸೆಂ.ಮೀ. ಸ್ಟ್ರೌಹಾಲ್ ಸಂಖ್ಯೆ (ಬಡಿತದ ಆವರ್ತನವನ್ನು ಓಡಾಟದಿಂದ ಗುಣಿಸಿ ನೀರಿನ ವೇಗದಿಂದ ಭಾಗಿಸಿದ್ದು) 0.3 ಬೇಕೆಂದರೆ 0.6 ಹರ್ಟ್ಸ್‌ನಲ್ಲಿ ಓಡಿಸಬೇಕು. ಹೊಡೆತದ ನಡುವೆ ನೀರು ಸುಮಾರು 43 ಡಿಗ್ರಿ ಓರೆಯಾಗಿ ಬಂದು ತಾಗುತ್ತದೆ. ಪಿಚ್ (ಫಾಯಿಲನ್ನು ತಿರುಗಿಸುವ ಕೋನ) 23 ಡಿಗ್ರಿ ಇಟ್ಟರೆ ದಾಳಿಕೋನ, ಅಂದರೆ ನೀರು ಫಾಯಿಲಿಗೆ ತಾಗುವ ಕೋನ, 20 ಡಿಗ್ರಿ ಉಳಿಯುತ್ತದೆ. ಪಿಚ್ಚನ್ನೂ 43ಕ್ಕೆ ಏರಿಸಿದರೆ ಫಾಯಿಲ್ ನೀರನ್ನು ಸೀಳಿಕೊಂಡು ಹೋಗುತ್ತದೆ ಅಷ್ಟೇ, ನೂಕುಬಲ ಹುಟ್ಟುವುದಿಲ್ಲ.

ಇಷ್ಟು ಎಲ್ಲರೂ ಸರಿಯಾಗಿಯೇ ಮಾಡುತ್ತಾರೆ. ಕೆಡುವುದು ಬಲವನ್ನು ವೇಗದಿಂದ ಗುಣಿಸುವ ಪವರ್ ಲೆಕ್ಕದಲ್ಲಿ. ಲೋಡ್ ಸೆಲ್ (ಬಲ ಅಳೆಯುವ ಸಾಧನ) ಕಾಣುವ ಬಲದಲ್ಲಿ ದೊಡ್ಡ ಪಾಲು ಫಾಯಿಲಿನ ಮತ್ತು ಅದರ ಜೊತೆ ಅಲ್ಲಾಡುವ ನೀರಿನ ಜಡತ್ವದ್ದು. ಅದು ವೇಗಕ್ಕಿಂತ 90 ಡಿಗ್ರಿ, ಅಂದರೆ ಕಾಲು ಸುತ್ತು, ಮುಂದಿರುವುದರಿಂದ ಒಂದು ಸುತ್ತಿನಲ್ಲಿ ಅದರ ಸರಾಸರಿ ಪವರ್ ಸೊನ್ನೆ. ಆದರೆ ಎನ್‌ಕೋಡರ್‌ನಿಂದ (ಸ್ಥಾನ ಅಳೆಯುವ ಸಾಧನದಿಂದ) ಪಡೆದ ವೇಗವನ್ನು ಮಾತ್ರ ಫಿಲ್ಟರ್ ಮಾಡಿ (ಸಿಗ್ನಲ್ಲಿನ ಗದ್ದಲ ತೆಗೆದು), ಅದು 10 ಮಿಲಿಸೆಕೆಂಡ್ ತಡವಾಯಿತು ಅನ್ನಿ: 0.6 ಹರ್ಟ್ಸ್‌ನಲ್ಲಿ ಅದು 2.2 ಡಿಗ್ರಿ. ಜಡತ್ವದ ಬಲ ವೇಗದ ಜೊತೆಗಿನ ಬಲದ 5 ಪಟ್ಟಿದ್ದರೆ ಪವರ್ ಸುಮಾರು ಶೇ. 19ರಷ್ಟು ಕಡಿಮೆ ಕಾಣುತ್ತದೆ, ದಕ್ಷತೆ ಸುಳ್ಳಾಗಿ ಏರುತ್ತದೆ. ಬಲದ ಸಿಗ್ನಲ್ ತಡವಾದರೆ ಉಲ್ಟಾ: ಒಳ್ಳೆಯ ಫಾಯಿಲ್ ಕೂಡ ಕಳಪೆಯಾಗಿ ಕಾಣುತ್ತದೆ.

ಪತ್ತೆ ಹಚ್ಚುವುದು ಸುಲಭ, ಬಿಡದೆ ಮಾಡಬೇಕು. ನೀರು ತುಂಬುವ ಮೊದಲು ಅದೇ ಚಲನೆಯನ್ನು ಗಾಳಿಯಲ್ಲಿ ಓಡಿಸಿ. ಲೋಡ್ ಸೆಲ್ ಬೇರಿಂಗ್ ಮತ್ತು ಫಾಯಿಲಿನ ನಡುವೆ ಇದ್ದರೆ ಬೇರಿಂಗಿನ ತಿಕ್ಕಾಟ ಲೆಕ್ಕಕ್ಕೆ ಬರುವುದಿಲ್ಲ, ಸರಾಸರಿ ಪವರ್ ಸೊನ್ನೆಗೆ ತೀರಾ ಹತ್ತಿರ ಇರಬೇಕು. ಸೊನ್ನೆಗೆ ಹತ್ತಿರ ಬರದಿದ್ದರೆ ಬಲ, ವೇಗ ಎರಡೂ ಚಾನೆಲ್‌ಗೆ ಒಂದೇ ಫಿಲ್ಟರ್ ಹಾಕಿ, ಮಿಕ್ಕ ತಡವನ್ನು ಸೊನ್ನೆ ಬರುವವರೆಗೆ ಹೊಂದಿಸಿ. ಪಿಚ್ ಟಾರ್ಕಿಗೂ (ಫಾಯಿಲನ್ನು ತಿರುಗಿಸುವ ಬಲಕ್ಕೂ) ಹೀಗೇ ಮಾಡಿ. ಪಿಚ್ ಗೇರಿನಲ್ಲಿ ಆಟ (ಹಲ್ಲುಗಳ ನಡುವಿನ ಸಡಿಲ) ಇದ್ದರೆ ಮಾತ್ರ ಯಾವ ಫಿಲ್ಟರೂ ಉಳಿಸದು, ಗೇರನ್ನೇ ಬದಲಿಸಬೇಕು.

ಫಾಯಿಲಿನ ಹಿಂದೆ ನೀರಿನಲ್ಲಿ ಮೂಡುವ ಸುಳಿಗಳ ಸಾಲು ಒಂದೇ ಕಡೆ ವಾಲಿದರೆ ತಕ್ಷಣ ಸ್ಕ್ರೂ ಸಡಿಲಿಸಬೇಡಿ. ಸ್ಟ್ರೌಹಾಲ್ ಸಂಖ್ಯೆ ಹೆಚ್ಚಾದಾಗ ಅದು ತಾನಾಗಿಯೇ ವಾಲುವುದುಂಟು. ಮೊದಲ ಹೊಡೆತವನ್ನು ವಿರುದ್ಧ ದಿಕ್ಕಿಗೆ ಕೊಟ್ಟು ನೋಡಿ. ವಾಲಿಕೆ ಆಚೆ ಬದಿಗೆ ತಿರುಗಿದರೆ ಅದು ಹರಿವಿನ ಗುಣ. ತಿರುಗದಿದ್ದರೆ ಫಾಯಿಲಿನ ಸೊನ್ನೆ ಕೋನವನ್ನು ಮತ್ತೆ ಅಳೆಯಿರಿ.