ನಕಾಶೆಯಲ್ಲಿ ಇಲ್ಲದ ಸಂಕ

ವರ್ಷಕ್ಕೊಂದರಂತೆ ಉಪಗ್ರಹ ಚಿತ್ರಗಳನ್ನು ಸಾಲಾಗಿ ತೋರಿಸುವ ಗೂಗಲ್ ಅರ್ಥ್‌ನ ಟೈಮ್‌ಲ್ಯಾಪ್ಸ್‌ನಲ್ಲಿ ಲಿಂಗನಮಕ್ಕಿ ಹಿನ್ನೀರನ್ನು ಮೊದಲ ಸಲ ನೋಡಿದಾಗ ನನಗೆ ಸಿಟ್ಟು ಬಂದಿತ್ತು. ಅಲ್ಲಿ ಚಿತ್ರಗಳು ಶುರುವಾಗುವುದು 1984ರಿಂದ. ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿ ಮುಗಿದದ್ದು 1964ರಲ್ಲಿ. ಇಂಥ ಚಿತ್ರ ತೆಗೆಯುವ ಲ್ಯಾಂಡ್‌ಸ್ಯಾಟ್ ಸಾಲಿನ ಮೊದಲ ಉಪಗ್ರಹ ಹಾರಿದ್ದೇ 1972ರಲ್ಲಿ. ಹಾಗಾಗಿ ನೋಡುವವರಿಗೆ ಹಿನ್ನೀರು ಅನಾದಿಯಿಂದ ಅಲ್ಲೇ ಇದ್ದ ಕೆರೆಯಂತೆ ಕಾಣುತ್ತದೆ. ಒಂದು ವರ್ಷ ತುಸು ಇಳಿಯುತ್ತದೆ, ಇನ್ನೊಂದು ವರ್ಷ ತುಸು ಏರುತ್ತದೆ, ಅಷ್ಟೇ. ಮುಳುಗಡೆಯಾದ ಊರುಗಳ ಸುಳಿವೇ ಇಲ್ಲ. ಅವುಗಳಲ್ಲಿ ನಮ್ಮ ಅಮ್ಮಮ್ಮನ ಊರೂ ಒಂದು.

ಲಿಂಗನಮಕ್ಕಿಗಿಂತ ಮೊದಲಿನ, ಒಂದು ಇಂಚಿಗೆ ಒಂದು ಮೈಲಿ ಅಳತೆಯ ಸರ್ವೆ ಆಫ್ ಇಂಡಿಯಾ ನಕಾಶೆಯ ಪ್ರತಿ ಸಿಕ್ಕ ಮೇಲೆ ಕೆಲಸಕ್ಕೆ ಕುಳಿತೆ. ಕ್ಯೂಜಿಐಎಸ್ ತಂತ್ರಾಂಶದಲ್ಲಿ ಹಳೆಯ ನಕಾಶೆಯನ್ನು ಉಪಗ್ರಹ ಚಿತ್ರದ ಮೇಲೆ ಕೂರಿಸಲು ಎರಡರಲ್ಲೂ ಇರುವ ಗುರುತುಗಳು ಬೇಕು. ಕಣಿವೆಯ ಗುರುತುಗಳೆಲ್ಲ ನೀರಿನಡಿ. ಗುಡ್ಡದ ನೆತ್ತಿಗಳು, ಜೋಗದ ಬಂಡೆಯಂಚು, ಸಾಗರ ಪೇಟೆಯಲ್ಲಿ ರಸ್ತೆ ಕೂಡುವ ಜಾಗ ಇವಿಷ್ಟನ್ನೇ ನೆಚ್ಚಬೇಕಾಯಿತು. ಕಡೆಗೆ ಕೈಹಿಡಿದದ್ದು ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟು. ಲಿಂಗನಮಕ್ಕಿ ತುಂಬಿದಾಗ ತಾನೇ ಮುಳುಗಿದ ಹಳೆಯ ಅಣೆಕಟ್ಟು ಅದು. ನೀರು ತೀರ ತಗ್ಗಿದ ಬೇಸಿಗೆಗಳಲ್ಲಿ ಮೇಲೆದ್ದು ನಿಲ್ಲುತ್ತದೆ. ಅಂಥದ್ದೊಂದು ಬೇಸಿಗೆಯ ಸೆಂಟಿನೆಲ್ ಉಪಗ್ರಹದ ಚಿತ್ರದಲ್ಲಿ ಅದರ ಗೋಡೆ ಸಣ್ಣ ಗೆರೆಯಾಗಿ ಕಂಡಾಗ ಕುರ್ಚಿಯಿಂದ ಎದ್ದುಬಿಟ್ಟೆ.

ತಿಂಗಳ ವಿಷಯದಲ್ಲಿ ನಾನು ಹಟಮಾರಿ. ಮೇ ತಿಂಗಳ ಚಿತ್ರವನ್ನು ನವೆಂಬರಿನದರ ಪಕ್ಕದಲ್ಲಿಟ್ಟು ಹಿನ್ನೀರು ಬತ್ತಿಹೋಯಿತೆಂದು ಯಾರನ್ನು ಬೇಕಾದರೂ ಹೆದರಿಸಬಹುದು. ಅದು ಮೋಸ. ಎಲ್ಲ ವರ್ಷಗಳಿಗೂ ಏಪ್ರಿಲ್ ಚಿತ್ರವನ್ನೇ ಆರಿಸಿದೆ. ಮಳೆಗಾಲದ್ದರಲ್ಲಂತೂ ಬರೀ ಮೋಡ.

ಹಳೆಯ ಹೊಳೆಯನ್ನು ಕಡುನೀಲಿಯಲ್ಲಿ, ಈಗಿನ ಹಿನ್ನೀರನ್ನು ತೆಳುನೀಲಿಯಲ್ಲಿ ಮುದ್ರಿಸಿ ಅಮ್ಮಮ್ಮನ ಮುಂದೆ ಹರಡಿದೆ. ಉತ್ತರ, ದಕ್ಷಿಣ ಎಂದು ವಿವರಿಸತೊಡಗಿದೆ.

"ಹೊಳೆ ಯಾವ ಕಡೆಗೆ ಹರಿಯುತ್ತದೆ, ಅದನ್ನು ಹೇಳು ತಮ್ಮಾ" ಎಂದಳು.

ಬಾಣದ ಗುರುತು ಹಾಕಿಕೊಟ್ಟೆ. ಹಾಳೆಯನ್ನು ತಿರುಗಿಸಿ ಹರಿವು ತನ್ನ ಎಡದಿಂದ ಬಲಕ್ಕೆ ಬರುವಂತೆ ಇಟ್ಟುಕೊಂಡಳು. ಆಮೇಲೆ ಅವಳ ಬೆರಳು ಎಲ್ಲೂ ತಡವರಿಸಲಿಲ್ಲ. ತೋಟದ ದಾರಿ, ಬೆಟ್ಟದ ಅಂಚು, ಅಡಿಕೆ ಒಣಗಿಸುತ್ತಿದ್ದ ಅಂಗಳ. ಒಂದು ಹಳ್ಳದ ಬಳಿ ಬೆರಳು ನಿಂತಿತು.

"ಇಲ್ಲಿ ಸಂಕ ಇತ್ತಲ್ಲ, ಯಾಕೆ ಬರೆದಿಲ್ಲ?"

ಹಳ್ಳ ದಾಟುವ ಆ ಕಾಲುಸೇತುವೆಯನ್ನು ಸರ್ವೆಯವರೂ ಬರೆದಿರಲಿಲ್ಲ. ಕೆಂಪು ಶಾಯಿಯಲ್ಲಿ ಒಂದು ಚುಕ್ಕೆ ಇಟ್ಟೆ. ಆ ಸಂಜೆ ಮುಗಿಯುವಷ್ಟರಲ್ಲಿ ಅಂಥ ಚುಕ್ಕೆಗಳು ಹನ್ನೊಂದಾದವು. ಮುಂದಿನ ವಾರ ಅವಳ ತಂಗಿಯನ್ನೂ ಕೂರಿಸಿಕೊಳ್ಳಬೇಕು; ಸಂಕ ಇದ್ದದ್ದು ಇನ್ನೂ ಮೇಲೆ, ನಾಗಬನದ ಹತ್ತಿರ ಎಂದು ಅವರು ಫೋನಿನಲ್ಲಿ ಹೇಳುತ್ತಿದ್ದಾರೆ.