ನೂರು ಎಂಎಲ್ ಪೆಟ್ರೋಲ್

ಬೆನ್ ಕೀಟಿಂಗ್ ವಿಷಯ ರಾತ್ರಿಯಿಂದ ತಲೆಯಲ್ಲೇ ಇದೆ. ಟೆಕ್ಸಾಸ್‌ನಲ್ಲಿ ಕಾರ್ ಶೋರೂಮ್‌ಗಳ ಮಾಲೀಕ, ಅದೇ ಅವರ ದುಡಿಮೆ, ರೇಸಿಂಗ್ ಹೊಟ್ಟೆಪಾಡಲ್ಲ. 2019ರಲ್ಲಿ ತಮ್ಮದೇ ತಂಡದ ಫೋರ್ಡ್ ಜಿಟಿಯಲ್ಲಿ, ಇನ್ನಿಬ್ಬರು ಡ್ರೈವರ್‌ಗಳ ಜೊತೆ ಸರದಿಯಲ್ಲಿ ಓಡಿಸಿ, ಫ್ರಾನ್ಸ್‌ನ ಲ ಮಾನ್‌ನಲ್ಲಿ ನಡೆಯುವ 24 ಗಂಟೆ ಕಾರ್ ರೇಸ್‌ನಲ್ಲಿ ತಮ್ಮ ವಿಭಾಗಕ್ಕೆ ಮೊದಲು ಬಂದರು. ಆಮೇಲೆ ರೇಸ್ ಅಧಿಕಾರಿಗಳು ಕಾರಿನ ಪೆಟ್ರೋಲ್ ಟ್ಯಾಂಕ್ ಅಳೆದರು. 96 ಲೀಟರ್ ಮೀರಬಾರದು, 96.1 ಇತ್ತು. ಅರ್ಧ ಲೋಟದಷ್ಟು ಜಾಸ್ತಿ, ಅಷ್ಟೇ! ಗೆಲುವು ಕೈತಪ್ಪಿತು.

ನಿಯಮ ನಿಯಮವೇ, ಒಪ್ಪುತ್ತೇನೆ. ಆದರೂ ಹೊಟ್ಟೆ ಉರಿಯುತ್ತೆ ಅಲ್ವಾ? ಅವರು ಮಾತ್ರ ಬಿಡಲಿಲ್ಲ. 2022ರಲ್ಲಿ ಅದೇ ರೇಸ್‌ನಲ್ಲಿ ಆಸ್ಟನ್ ಮಾರ್ಟಿನ್ ಕಾರ್ ಓಡಿಸಿ ತಮ್ಮ ವಿಭಾಗ ಗೆದ್ದರು. 2023ರಲ್ಲಿ ಕಾರ್ವೆಟ್ ಕಾರ್, ಶುರುವಿನಲ್ಲೇ ಎರಡು ಲ್ಯಾಪ್ (ಟ್ರ್ಯಾಕ್‌ನ ಎರಡು ಸುತ್ತು) ಹಿಂದೆ ಬಿದ್ದು, ಆಮೇಲೆ ಒಂದೊಂದಾಗಿ ವಾಪಸ್ ತಗೊಂಡು ಮತ್ತೆ ಗೆದ್ದರು. ಆ ವಿಡಿಯೋ ಈಗ ಮೂರನೇ ಸಲ ನೋಡ್ತಿದ್ದೇನೆ.